ಕರಿ ಹೊಗೆ ನಿಲ್ಲುತ್ತಿಲ್ಲ, ಚೋಕ್ ಒಳಗೆ ಹೋಗುತ್ತಿಲ್ಲ: ಕಾರ್ಬ್ಯುರೇಟರ್ ಬಿಚ್ಚಲಾ, ಬೇಡವಾ?

ಮೈನರ್67
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1967ರ ಮಾರಿಸ್ ಮೈನರ್ ಇದೆ. 1098 ಸಿಸಿ ಎಂಜಿನ್, ಗಾಳಿ-ಪೆಟ್ರೋಲ್ ಬೆರೆಸೋಕೆ ಒಂದೇ ಕಾರ್ಬ್ಯುರೇಟರ್, ಎಸ್‌ಯು ಕಂಪನಿಯ ಎಚ್‌ಎಸ್2. ಹೋದ ತಿಂಗಳು ಕ್ಲಚ್ ಪ್ಲೇಟ್ ಬದಲಿಸೋಕೆ ಅಂತ ನಾನೂ ತಮ್ಮನೂ ಸೇರಿ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಇಳಿಸಿ ಮತ್ತೆ ಏರಿಸಿದೆವು. ಕ್ಲಚ್ ಈಗ ಬೆಣ್ಣೆ ಥರ ಇದೆ. ಆದರೆ ಅವತ್ತಿನಿಂದ ಬೇರೆಯದೇ ರೋಗ.

ಕರಿ ಹೊಗೆ. ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ. ಎಂಜಿನ್ ಬಿಸಿಯಾದ ಮೇಲೂ ಐಡ್ಲಿಂಗ್ ಇಳಿಯುವುದಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಪಕ್ಕದವರು ನಾನು ರೇಸಿಗೆ ಕರೀತಿದ್ದೀನಿ ಅಂದುಕೊಳ್ಳುತ್ತಾರೆ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಮುಗ್ಗರಿಸಿ, ಆಮೇಲೆ ಎದ್ದು ಓಡುತ್ತದೆ. ಚೋಕ್ ನಾಬ್ (ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡೋಕೆ ಎಳೆಯುವ ಗುಬ್ಬಿ) ಬೇರೆ ಬಿಗಿಯಾಗಿದೆ, ಹೆಬ್ಬೆರಳಲ್ಲಿ ಒತ್ತಿ ಒಳಗೆ ತಳ್ಳಬೇಕು. ಸೆಲ್ಫ್ ಕೂಡ ಸ್ವಲ್ಪ ಸೋತ ಹಾಗೆ ತಿರುಗುತ್ತದೆ, ಆದರೆ ಬ್ಯಾಟರಿ ಹಳೆಯದು, ಅದು ಬೇರೆ ವಿಷಯ.

ಪೆಟ್ರೋಲ್ ಕಮ್ಮಿ ಮಾಡೋಣ ಅಂತ ಜೆಟ್ (ಪೆಟ್ರೋಲ್ ಬರುವ ತೂತಿನ ಭಾಗ) ಕೆಳಗಿನ ನಟ್ಟನ್ನು ಮೊದಲು ಮೂರು ಫ್ಲಾಟ್ (ಒಂದು ಫ್ಲಾಟ್ ಅಂದರೆ ಸುತ್ತಿನ ಆರನೇ ಒಂದು ಭಾಗ), ಆಮೇಲೆ ಇನ್ನೂ ಐದು ಫ್ಲಾಟ್ ಮೇಲಕ್ಕೆ ತಿರುಗಿಸಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ಪೂರ್ತಿ ಬಿಚ್ಚಿ ಹೊಸ ಕಿಟ್ ಹಾಕಿಬಿಡಲಾ?

ಪಾನಾ12
ಮೊದಲು ಪಾನಾ ಕೆಳಗಿಡಿ. ಕಾರ್ಬ್ಯುರೇಟರ್ ಯಾವಾಗಲೂ ಕೊನೆಗೆ. ಟ್ಯಾಪೆಟ್ (ವಾಲ್ವ್ ಸಂದು), ಪ್ಲಗ್, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್), ಟೈಮಿಂಗ್ (ಕಿಡಿ ಹಾರುವ ಹೊತ್ತು), ಇಷ್ಟೂ ಸರಿ ಇದೆ ಅಂತ ಖಾತ್ರಿ ಆದ ಮೇಲೆ ಅದರ ಮೇಲೆ ಕೈ ಇಡಬೇಕು. ನಿಮ್ಮ ಎಂಜಿನ್‌ಗೆ ಪಾಯಿಂಟ್ ಗ್ಯಾಪ್ 0.38 ಮಿಮೀ, ಪ್ಲಗ್ ಗ್ಯಾಪ್ 0.64 ಮಿಮೀ. ಕಾರ್ಬ್ಯುರೇಟರ್ ಕಾಯಿಲೆ ಅಂತ ಬರುವ ಗಾಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟ್ ಕಾಯಿಲೆಯೇ ಆಗಿರುತ್ತದೆ.

ಕಿಟ್ ಹಾಕೋದರಿಂದ ವಾಸಿ ಆಗೋದು ಕಿಟ್ ಒಳಗಿರುವ ಭಾಗಗಳ ರೋಗ ಮಾತ್ರ.

ಜೀರುಂಡೆ ಸವಾರ
ನನ್ನದು ಬೀಟಲ್, ಸಾಲೆಕ್ಸ್ ಕಾರ್ಬ್ಯುರೇಟರ್. ಇದೇ ಥರ ಕರಿ ಹೊಗೆ ಬರುತ್ತಿತ್ತು. ನೋಡಿದರೆ ಚೋಕ್ ತಗಡು ಅರ್ಧ ಮುಚ್ಚಿಕೊಂಡು ನಿಂತಿತ್ತು. ನೀವೂ ಏರ್ ಕ್ಲೀನರ್ ತೆಗೆದು ಬಾಯಿಯೊಳಗೆ ಇಣುಕಿ, ತಗಡು ಪೂರ್ತಿ ತೆರೆದಿದೆಯಾ ನೋಡಿ. ಎರಡು ನಿಮಿಷದ ಕೆಲಸ.

ಗ್ರೀಸ್ ಕೈ
ಎಸ್‌ಯುನಲ್ಲಿ ತಗಡೇ ಇಲ್ಲ ಗುರು! ಅವರು ಇಡೀ ದಿನ ಇಣುಕಿದರೂ ಸಿಗಲ್ಲ.

ಹೊಸಬರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಲೆಕ್ಸ್, ವೆಬರ್ ಇಂಥವುಗಳಲ್ಲಿ ಗಾಳಿಯ ದಾರಿ ಒಂದೇ ಅಳತೆ. ಅದಕ್ಕೇ ಐಡ್ಲಿಂಗ್‌ಗೆ ಒಂದು ಜೆಟ್, ಓಟಕ್ಕೆ ಒಂದು ಜೆಟ್, ದಿಢೀರ್ ಒತ್ತಿದಾಗ ಪೆಟ್ರೋಲ್ ಚಿಮ್ಮಿಸೋಕೆ ಒಂದು ಪಂಪ್. ಚೋಕ್ ಅಂದರೆ ಗಾಳಿಗೆ ಅಡ್ಡ ಬರುವ ತಗಡು. ಎಸ್‌ಯುನಲ್ಲಿ ಹಾಗಲ್ಲ. ಎಂಜಿನ್ ಗಾಳಿ ಎಳೆದಷ್ಟೂ ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ ಮೇಲಕ್ಕೇಳುತ್ತದೆ, ಗಾಳಿ ದಾರಿ ಅಗಲವಾಗುತ್ತದೆ. ಪಿಸ್ಟನ್ ಕೆಳಗೆ ಒಂದು ಸೂಜಿ, ತುದಿಗೆ ಹೋದ ಹಾಗೆ ಸಣ್ಣ. ಅದು ಒಂದೇ ಒಂದು ಜೆಟ್‌ನೊಳಗೆ ಮೇಲೆ ಕೆಳಗೆ ಆಡುತ್ತದೆ. ಇಲ್ಲಿ ಚೋಕ್ ಎಳೆದರೆ ಗಾಳಿ ಮುಚ್ಚುವುದಿಲ್ಲ, ಜೆಟ್ಟೇ ಕೆಳಗೆ ಇಳಿಯುತ್ತದೆ. ಸೂಜಿಯ ಸಣ್ಣ ಭಾಗ ಜೆಟ್ ಬಾಯಿಗೆ ಬರುವುದರಿಂದ ಪೆಟ್ರೋಲ್ ಜಾಸ್ತಿ ಬರುತ್ತದೆ.

ಇನ್ನೊಂದು ವಿಷಯ. ಚೋಕ್ ಕೇಬಲ್‌ನ ಮೊದಲ ಎಳೆತಕ್ಕೆ ಜೆಟ್ ಅಲ್ಲಾಡುವುದಿಲ್ಲ, ಕ್ಯಾಮ್ ತಿರುಗಿ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಾಗಿಲು) ಮಾತ್ರ ಸ್ವಲ್ಪ ತೆರೆಯುತ್ತದೆ. ಮುಂದಕ್ಕೆ ಎಳೆದರೆ ಜೆಟ್ ಇಳಿಯುತ್ತದೆ. ಅಂದರೆ ಐಡ್ಲಿಂಗ್ ಜಾಸ್ತಿ, ಜೊತೆಗೆ ಕರಿ ಹೊಗೆ. ಮೈನರ್67 ಅವರು ಹೇಳುತ್ತಿರುವುದು ಚೋಕ್ ಎಳೆದೇ ಓಡಿಸುತ್ತಿರುವ ಗಾಡಿಯ ವರ್ಣನೆ. ನಟ್ಟು ಮೇಲಕ್ಕೆ ತಿರುಗಿಸಿದ್ದು ಗೊತ್ತಾಗದೆ ಇದ್ದದ್ದೂ ಅದಕ್ಕೇ. ಜೆಟ್ ನಟ್ಟಿನ ಮೇಲೆ ಕೂತೇ ಇಲ್ಲ, ಕೇಬಲ್‌ಗೆ ಜೋತು ಬಿದ್ದಿದೆ. ಬಾನೆಟ್ ಎತ್ತಿ ಜೆಟ್ ಕೆಳಗೆ ಬೆರಳಿಟ್ಟು ಮೇಲಕ್ಕೆ ಒತ್ತಿ ನೋಡಿ.

ಜೀರುಂಡೆ ಸವಾರ
ಸರಿ ಸರಿ, ನನ್ನ ಜೀರುಂಡೆಗೆ ಕೇಬಲ್ಲೂ ಇಲ್ಲ ಬಿಡಿ, ಬೈಮೆಟಲ್ ಸುರುಳಿ ಬಿಸಿಯಾಗಿ ತಾನೇ ತೆರೆಯುತ್ತದೆ. ಮನಸ್ಸು ಬಂದಾಗ.

ಚರಿತ್ರೆ ಹುಚ್ಚ
ಎಸ್‌ಯು ಅಂದರೆ ಸ್ಕಿನ್ನರ್ಸ್ ಯೂನಿಯನ್. ಸ್ಕಿನ್ನರ್ ಮನೆಯವರದ್ದು ಚಪ್ಪಲಿ ಬೂಟಿನ ವ್ಯಾಪಾರ. ಮೊದಲ ಕಾರ್ಬ್ಯುರೇಟರ್‌ಗಳಲ್ಲಿ ಪಿಸ್ಟನ್ ಜಾಗದಲ್ಲಿ ಚರ್ಮದ ತಿದಿ ಇತ್ತು, ಕಮ್ಮಾರನ ತಿದಿ ಥರದ್ದು. ಮನೆಯಲ್ಲೇ ಚರ್ಮ ಇದ್ದಾಗ ಬೇರೆ ಯಾಕೆ ಹುಡುಕಬೇಕು, ಅಲ್ವಾ?

ಟಾಪ್ ಗೇರ್ ತಾತ
ಚಪ್ಪಲಿ ಅಂಗಡಿಯಿಂದ ಬಂದದ್ದಕ್ಕೇ ಇರಬೇಕು, ಇಷ್ಟೊಂದು ಕಚ್ಚುತ್ತದೆ.

ಸಣ್ಣ ಜೆಟ್
ಇದೇ ಎಳೆಯಲ್ಲಿ ಕೇಳಿಬಿಡುತ್ತೇನೆ. ನನ್ನ ಗಾಡಿ ಬೇರೆ, ವೆಬರ್ ಕಾರ್ಬ್ಯುರೇಟರ್. ಐಡ್ಲಿಂಗ್‌ನಲ್ಲಿ ನಿಲ್ಲುವುದೇ ಇಲ್ಲ, ಕಾಲು ತೆಗೆದರೆ ಆಫ್. ಐಡ್ಲ್ ಜೆಟ್ ಕಟ್ಟಿಕೊಂಡಿದೆ ಅಂತ ನಮ್ಮ ಚಿಕ್ಕಪ್ಪ ತಂತಿ ಹಾಕಿ ತೆಗೆದುಕೊಟ್ಟರು. ಎರಡು ದಿನ ಸರಿ ಇತ್ತು, ಮತ್ತೆ ಅದೇ ಕಥೆ.

ಪಾನಾ12
ಚಿಕ್ಕಪ್ಪನಿಗೆ ಕೈ ಮುಗಿದು ಆ ತಂತಿ ಇಸ್ಕೊಳ್ಳಿ. ಜೆಟ್ ಹಿತ್ತಾಳೆಯದು, ತಂತಿ ಉಕ್ಕು. ಸಾಲೆಕ್ಸ್, ವೆಬರ್ ಜೆಟ್ ಮೇಲೆ 120 ಅಂತ ಇದ್ದರೆ ತೂತು 1.20 ಮಿಮೀ ಅಂತ ಲೆಕ್ಕ. ತಂತಿ ಉಜ್ಜಿ ಅದು 1.25 ಆಯಿತು ಅಂದರೆ ದಾರಿ ಶೇಕಡಾ 8ರಷ್ಟು ದೊಡ್ಡದಾದ ಹಾಗೆ. ಐಡ್ಲ್ ಜೆಟ್ ಅದರ ಅರ್ಧದಷ್ಟೂ ಇರಲ್ಲ, ಅಲ್ಲಿ ಒಂದು ಗೀರು ಬಿದ್ದರೂ ಲೆಕ್ಕ ತಪ್ಪುತ್ತದೆ. ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆಯಿರಿ. ತೀರಾ ಹಠ ಮಾಡಿದರೆ ಬ್ರಶ್ಶಿನ ಒಂದು ನೈಲಾನ್ ಎಳೆ ಸಾಕು.

ಎರಡೇ ದಿನಕ್ಕೆ ಮತ್ತೆ ಕಟ್ಟಿಕೊಂಡಿದೆ ಅಂದರೆ ಕಸ ಮೇಲಿಂದ ಬರುತ್ತಿದೆ. ಫಿಲ್ಟರ್ ನೋಡಿ, ಟ್ಯಾಂಕ್ ನೋಡಿ, ಫ್ಲೋಟ್ ಬಟ್ಟಲಿನ ತಳದಲ್ಲಿ ಬೆರಳಾಡಿಸಿ. ಬೆರಳಿಗೆ ಕಂದು ಪುಡಿ ಬಂದರೆ ತುಕ್ಕು.

ಗ್ರೀಸ್ ಕೈ
ಐಡ್ಲ್ ಕಟ್-ಆಫ್ ಸೊಲೆನಾಯ್ಡ್ (ಕೀ ಆಫ್ ಆದಾಗ ಐಡ್ಲ್ ಪೆಟ್ರೋಲ್ ನಿಲ್ಲಿಸುವ ಕರೆಂಟ್ ವಾಲ್ವ್) ಇದ್ದರೆ ಮೊದಲು ಅದನ್ನೂ ನೋಡಿ. ಕೀ ಆನ್ ಮಾಡಿದಾಗ ಟಿಕ್ ಅನ್ನಬೇಕು. ಅದಕ್ಕೆ ಕರೆಂಟ್ ಬರದಿದ್ದರೂ ಇದೇ ಲಕ್ಷಣ. ಜೆಟ್ ಪಾಪ, ಏನೂ ಮಾಡಿರಲ್ಲ.

ಸಣ್ಣ ಜೆಟ್
ಟಿಕ್ ಅಂತಿದೆ. ಬಟ್ಟಲಿನಲ್ಲಿ ಕಂದು ಪುಡಿ, ಚಮಚದಷ್ಟು. ಚಿಕ್ಕಪ್ಪ ಈಗ ಟ್ಯಾಂಕ್ ಬಿಚ್ಚೋಣ ಅಂತಿದ್ದಾರೆ, ನನಗೆ ಭಯ ಆಗ್ತಿದೆ.

ಅಮ್ಮನ ಕಾರು
ಕಾರ್ಬ್ಯುರೇಟರ್ ಬಗ್ಗೆ ಎಲ್ಲರೂ ಮಾತಾಡ್ತೀರಿ, ಕೇಬಲ್ ಬಗ್ಗೆ ಯಾರೂ ಇಲ್ಲ. ನನ್ನ ಅನುಭವ ಕೇಳಿ. ಅಮ್ಮ ಮೂವತ್ತು ವರ್ಷ ಓಡಿಸಿದ ಕಾರು ನನಗೆ ಬಂತು. ಒಂದು ದಿನ ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ಎಂಜಿನ್ ಕೂಗುತ್ತಲೇ ಇತ್ತು. ಕಾಲಲ್ಲಿ ಪೆಡಲ್ ತಡಕಿದೆ, ಅದು ನೆಲಕ್ಕೆ ಅಂಟಿಕೊಂಡೇ ಇತ್ತು. ಕ್ಲಚ್ ಒತ್ತಿ, ನ್ಯೂಟ್ರಲ್ ಮಾಡಿ, ಬ್ರೇಕ್ ಹಿಡಿದು, ಬದಿಗೆ ಬಂದ ಮೇಲೆ ಕೀ ಆಫ್ ಮಾಡಿದೆ. ಕೈ ನಡುಗುತ್ತಿತ್ತು.

ಬಿಚ್ಚಿ ನೋಡಿದರೆ ಪೆಡಲ್ ತುದಿಯ ನಿಪ್ಪಲ್ ಹತ್ತಿರ ಒಳ ತಂತಿಯ ನಾಲ್ಕು ಎಳೆ ಹರಿದು, ಕೂದಲು ಕೆದರಿದ ಹಾಗೆ ನಿಂತಿದ್ದವು. ಆ ಎಳೆಗಳು ಹೊರ ಕವಚದ ಬಾಯಿಗೆ ಸಿಕ್ಕಿಕೊಂಡು ತಂತಿ ವಾಪಸ್ ಹೋಗುತ್ತಿರಲಿಲ್ಲ. ಅದಕ್ಕೂ ಒಂದು ವಾರ ಮುಂಚೆಯೇ ಪೆಡಲ್ ಸ್ವಲ್ಪ ಗರಗರ ಅನ್ನುತ್ತಿತ್ತು. ಎಣ್ಣೆ ಬಿಟ್ಟು ಸುಮ್ನಾಗಿದ್ದೆ.

ಪಾನಾ12
ನೀವು ಕ್ಲಚ್ ಒತ್ತಿದ್ದು ಒಳ್ಳೆಯದಾಯಿತು. ಎಷ್ಟೋ ಜನ ಮೊದಲು ಕೀ ಎಳೆದು ಸ್ಟೀರಿಂಗ್ ಲಾಕ್ ಮಾಡಿಕೊಳ್ಳುತ್ತಾರೆ.

ಆಕ್ಸಿಲರೇಟರ್ ಕೇಬಲ್ ವಿಷಯದಲ್ಲಿ ನಾನು ನೋಡುವುದು ಇಷ್ಟು. ಒಬ್ಬರು ಪೆಡಲನ್ನು ನೆಲದವರೆಗೆ ಒತ್ತಲಿ, ಇನ್ನೊಬ್ಬರು ಕಾರ್ಬ್ಯುರೇಟರ್ ಹತ್ತಿರ ಕೈಯಲ್ಲಿ ಲಿವರ್ ಎಳೆದು ನೋಡಲಿ. ಇನ್ನೂ ಬರುತ್ತದೆ ಅಂದರೆ ನಿಮಗೆ ಪೂರ್ತಿ ಥ್ರಾಟಲ್ ಸಿಗುತ್ತಿಲ್ಲ. ಪಿಕಪ್ ಇಲ್ಲ ಅಂತ ಎಂಜಿನ್ ಬಿಚ್ಚಿ, ಕೊನೆಗೆ ಕೇಬಲ್ ಒಂದು ಸೆಂಟಿಮೀಟರ್ ಸಡಿಲ ಅಂತ ಗೊತ್ತಾದವರಿದ್ದಾರೆ. ಕಾಲು ತೆಗೆದಾಗ ಕೇಬಲ್‌ನಲ್ಲಿ ಒಂದೆರಡು ಮಿಮೀ ಪ್ಲೇ, ಅಂದರೆ ಸಡಿಲ, ಇರಲೇಬೇಕು. ಎಂಜಿನ್ ರಬ್ಬರ್ ಮೇಲೆ ಕೂತಿರುತ್ತದೆ, ಅಲುಗಾಡುತ್ತದೆ. ಪ್ಲೇ ಇಲ್ಲದಿದ್ದರೆ ಎಂಜಿನ್ ವಾಲಿದಾಗ ತಾನೇ ಥ್ರಾಟಲ್ ಎಳೆದುಕೊಳ್ಳುತ್ತದೆ.

ಜೀರುಂಡೆ ಸವಾರ
ಕೇಬಲ್‌ಗೆ ಎಣ್ಣೆ ಬಿಡಬೇಕಾ ಬೇಡವಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಗ್ರೀಸ್ ಕೈ
ಹಳೆಯ ಬರಿ ಉಕ್ಕಿನ ಸುರುಳಿ ಕವಚಕ್ಕೆ ಬಿಡಿ. ಒಳಗೆ ನೈಲಾನ್ ಇಲ್ಲವೇ ಟೆಫ್ಲಾನ್ ಕೊಳವೆ ಇರುವ ಕೇಬಲ್‌ಗೆ ಬೇಡ, ಎಣ್ಣೆಗೆ ಧೂಳು ಅಂಟಿ ರುಬ್ಬುವ ಕಲ್ಲಿನ ಹಾಗೆ ತೇಯುತ್ತದೆ. ಎಳೆ ಹರಿದ ಕೇಬಲ್‌ಗೆ ಎಣ್ಣೆ ಬಿಟ್ಟರೆ ಪ್ರಯೋಜನ ಇಲ್ಲ, ಬದಲಿಸಬೇಕು. ಹೊಸ ತಂತಿ ಕತ್ತರಿಸುವ ಮುಂಚೆ ಕತ್ತರಿಸುವ ಜಾಗಕ್ಕೆ ಬೆಸುಗೆ ಹಾಕಿ, ಆಮೇಲೆ ಬೆಸುಗೆಯ ಮಧ್ಯಕ್ಕೆ ಕತ್ತರಿಸಿ. ಎಳೆ ಬಿಚ್ಚಿಕೊಳ್ಳುವುದಿಲ್ಲ, ಕವಚದೊಳಗೆ ಪೋಣಿಸುವಾಗ ಸೂಜಿಗೆ ದಾರ ಪೋಣಿಸಿದಷ್ಟೇ ಸಲೀಸು.

ಟಾಪ್ ಗೇರ್ ತಾತ
ನನಗೆ ಸೂಜಿಗೆ ದಾರ ಪೋಣಿಸೋದೂ ಸಲೀಸಿಲ್ಲ ಈಗ.

ಎಥನಾಲ್ ವೈರಿ
ಎಲ್ಲದಕ್ಕೂ ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ಕಾರಣ ಸ್ವಾಮಿ. ರಬ್ಬರ್ ತಿನ್ನುತ್ತದೆ, ನೀರು ಕುಡಿಯುತ್ತದೆ. ಮೈನರ್ ಹೊಗೆಗೂ ಅದೇ ಕಾರಣ, ಬರೆದಿಟ್ಟುಕೊಳ್ಳಿ.

ಗ್ರೀಸ್ ಕೈ
ರಬ್ಬರ್, ನೀರು ಎರಡೂ ನಿಜ. ಹಳೇ ಪೈಪ್‌ಗಳನ್ನು ಎಥನಾಲ್ ತಡೆಯುವ ಪೈಪ್‌ಗೆ ಬದಲಿಸಲೇಬೇಕು. ಆದರೆ ಹೊಗೆ ಲೆಕ್ಕ ಉಲ್ಟಾ. ಪೆಟ್ರೋಲ್ ಒಂದು ಪಾಲು ಸರಿಯಾಗಿ ಉರಿಯೋಕೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲ್‌ಗೆ 9 ಪಾಲು ಸಾಕು. ಅದೇ ಜೆಟ್‌ನಲ್ಲಿ ಎಥನಾಲ್ ಬೆರೆತ ಪೆಟ್ರೋಲ್ ಹಾಕಿದರೆ ಮಿಶ್ರಣ ತೆಳು (ಗಾಳಿ ಜಾಸ್ತಿ) ಆಗುತ್ತದೆ, ದಪ್ಪ (ಪೆಟ್ರೋಲ್ ಜಾಸ್ತಿ) ಅಲ್ಲ. ಕರಿ ಹೊಗೆ ದಪ್ಪ ಮಿಶ್ರಣದ್ದು.

ಎಥನಾಲ್ ವೈರಿ
ನೀರು ಕುಡಿಯೋದು ನಿಜ ತಾನೇ? ಸಾಕು ನನಗೆ.

ಹಳೇ ವೈರ್‌ಮನ್
ಮೈನರ್67 ಅವರೇ, ಒಂದು ಪ್ರಶ್ನೆ. ಸೆಲ್ಫ್ ಸೋತ ಹಾಗೆ ತಿರುಗುತ್ತದೆ, ಅದು ಬೇರೆ ವಿಷಯ ಅಂತ ಬರೆದಿದ್ದೀರಿ. ಬೇರೆ ವಿಷಯ ಅಲ್ಲ ಅಂತ ನನ್ನ ಅನುಮಾನ. ಸೆಲ್ಫ್ ಹೊಡೆದ ತಕ್ಷಣ ಚೋಕ್ ಕೇಬಲ್ ಮುಟ್ಟಿ ನೋಡಿ. ಬಿಸಿ ಇದೆಯಾ?

ಟಾಪ್ ಗೇರ್ ತಾತ
ಚೋಕ್ ಕೇಬಲ್ ಯಾಕಪ್ಪಾ ಬಿಸಿ ಆಗುತ್ತೆ?

ಹಳೇ ವೈರ್‌ಮನ್
ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿದೆ. ರಬ್ಬರ್‌ನಲ್ಲಿ ಕರೆಂಟ್ ಹರಿಯಲ್ಲ. ಸೆಲ್ಫ್ ಮೋಟಾರ್‌ಗೆ ಹೋದ ಕರೆಂಟ್ ಬ್ಯಾಟರಿಗೆ ವಾಪಸ್ ಬರಬೇಕಾದರೆ ಎಂಜಿನ್, ಗೇರ್‌ಬಾಕ್ಸ್‌ನಿಂದ ಬಾಡಿಗೆ ಒಂದು ದಪ್ಪ ಜಡೆ ಪಟ್ಟಿ ಇರಬೇಕು, ಅರ್ಥ್ ಪಟ್ಟಿ. ಮೈನರ್‌ನಲ್ಲಿ ಅದು ಗೇರ್‌ಬಾಕ್ಸ್ ಕಡೆ ಇರುತ್ತದೆ. ಎಂಜಿನ್ ಇಳಿಸುವಾಗ ಬಿಚ್ಚುತ್ತಾರೆ, ಏರಿಸುವಾಗ ಮರೆಯುತ್ತಾರೆ. ಆಗ ನೂರಾರು ಆಂಪಿಯರ್ ಕರೆಂಟ್ ಇನ್ನೊಂದು ದಾರಿ ಹುಡುಕುತ್ತದೆ. ಎಂಜಿನ್‌ಗೂ ಬಾಡಿಗೂ ನಡುವೆ ಇರುವ ಲೋಹ ಯಾವುದು? ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಸ್ಪೀಡೋ ಕೇಬಲ್. ಹೀಟರ್ ಸುರುಳಿಯ ಹಾಗೆ ಕಾದು, ಪ್ಲಾಸ್ಟಿಕ್ ಕರಗಿ, ಒಳ ತಂತಿ ಕವಚಕ್ಕೆ ಕಚ್ಚಿಕೊಳ್ಳುತ್ತದೆ. ಚೋಕ್ ವಾಪಸ್ ಹೋಗಲ್ಲ. ಉಳಿದದ್ದನ್ನು ಗ್ರೀಸ್ ಕೈ ಆಗಲೇ ಬರೆದಿದ್ದಾರೆ.

ಮುಟ್ಟೋಕೆ ಭಯ ಇದ್ದರೆ ಮಲ್ಟಿಮೀಟರ್ ತಗೊಳ್ಳಿ. ಒಂದು ಕಡ್ಡಿ ಬ್ಯಾಟರಿಯ ಅರ್ಥ್ ತಲೆಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ. ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಬಾರದು.

ಮೈನರ್67
ಸರ್, ನಿಮ್ಮ ಕಾಲು ಎಲ್ಲಿದೆ ಹೇಳಿ, ಬೀಳುತ್ತೇನೆ.

3.1 ವೋಲ್ಟ್. ಚೋಕ್ ಕೇಬಲ್ ಮುಟ್ಟಿದೆ, ಬೆರಳು ಚುರ್ ಅಂತು. ಬಲ್ಕ್‌ಹೆಡ್ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ದಾಟುವ ಜಾಗದಲ್ಲಿ ಕವಚದ ಕರಿ ಪ್ಲಾಸ್ಟಿಕ್ ಕರಗಿ, ಹನಿ ಹನಿಯಾಗಿ ಗಟ್ಟಿಯಾಗಿದೆ. ಅಷ್ಟು ದಿನ ಅದನ್ನೇ ನೋಡುತ್ತಿದ್ದೆ, ಗ್ರೀಸ್ ಅಂದುಕೊಂಡಿದ್ದೆ. ಜೆಟ್ ಕೆಳಗೆ ಬೆರಳಿಟ್ಟು ಒತ್ತಿದೆ, ಟಕ್ ಅಂತ ಮೇಲೆ ಹೋಯಿತು, ಸುಮಾರು 5 ಮಿಮೀ.

ಅರ್ಥ್ ಪಟ್ಟಿ ಎಲ್ಲಿ ಅಂತ ತಮ್ಮನನ್ನು ಕೇಳಿದೆ. ಉಳಿದ ಬೋಲ್ಟ್ ಹಾಕಿಟ್ಟಿದ್ದ ಡಬ್ಬ ತಂದು ನನ್ನ ಮುಂದೆ ಇಟ್ಟ. ಅದರ ತಳದಲ್ಲಿ ಸುತ್ತಿಕೊಂಡು ಮಲಗಿತ್ತು.

ಪಾನಾ12
ನಾನು ಟ್ಯಾಪೆಟ್‌ನಿಂದ ಶುರು ಮಾಡಿಸುತ್ತಿದ್ದೆ. ಆದರೆ ಕರೆಂಟ್ ಕಾಯಿಲೆ ಅಂತ ಹೇಳಿದ್ದೆ, ಅದನ್ನು ಲೆಕ್ಕಕ್ಕೆ ತಗೊಳ್ಳಿ.

ಗ್ರೀಸ್ ಕೈ
ಹೇಳಿದ್ದು ಪಾಯಿಂಟ್ ಬಗ್ಗೆ! ಲೆಕ್ಕಕ್ಕಿಲ್ಲ.

ಹಳೇ ವೈರ್‌ಮನ್
ಪಟ್ಟಿ ಹಾಕುವಾಗ ಎರಡೂ ತುದಿಯಲ್ಲಿ ಬಣ್ಣ, ತುಕ್ಕು ಹೊಳೆಯುವವರೆಗೆ ಕೆರೆಯಿರಿ. ಚೋಕ್ ಕೇಬಲ್ ಬದಲಿಸಿ. ಅದಕ್ಕಿಂತ ಮುಖ್ಯ, ಆಕ್ಸಿಲರೇಟರ್ ಕೇಬಲ್ ಪೂರ್ತಿ ಹೊರಗೆಳೆದು ನೋಡಿ. ಅದರಲ್ಲೂ ಅದೇ ಕರೆಂಟ್ ಹರಿದಿದೆ. ಚೋಕ್ ಕಚ್ಚಿಕೊಂಡರೆ ಹೊಗೆ ಬರುತ್ತದೆ. ಆಕ್ಸಿಲರೇಟರ್ ಕಚ್ಚಿಕೊಂಡರೆ ಏನಾಗುತ್ತದೆ ಅಂತ ಮೇಲೆ ಮೇಡಂ ಬರೆದಿದ್ದಾರೆ.

ಮೈನರ್67
ಎಳೆದು ನೋಡಿದೆ. ಮಧ್ಯದಲ್ಲಿ ಒಂದು ಗೇಣು ಉದ್ದ ತಂತಿ ನೀಲಿ ಬಣ್ಣಕ್ಕೆ ತಿರುಗಿದೆ. ಅದನ್ನೂ ಬದಲಿಸುತ್ತೇನೆ. ಈಗ ಜೆಟ್ ನಟ್ಟು ಎಂಟು ಫ್ಲಾಟ್ ತಿರುಗಿಸಿ ಕೂತಿದ್ದೇನಲ್ಲ, ವಾಪಸ್ ಎಲ್ಲಿಗೆ ತರೋದು?

ಗ್ರೀಸ್ ಕೈ
ಲೆಕ್ಕ ಮರೆತುಬಿಡಿ, ಮೊದಲಿಂದ ಮಾಡಿ. ಚೋಕ್ ಕೇಬಲ್ ಬಿಚ್ಚಿಡಿ. ಮೇಲಿನ ಗುಮ್ಮಟ ತೆಗೆದು ಪಿಸ್ಟನ್ ಹೊರತೆಗೆಯಿರಿ. ಸೂಜಿ ಬಾಗಿಸಬೇಡಿ, ಪಿಸ್ಟನ್ನನ್ನು ಒಂದು ಲೋಟದ ಬಾಯಿಗೆ ನಿಲ್ಲಿಸಿ, ಸೂಜಿ ಲೋಟದೊಳಗೆ ಇರಲಿ. ನಟ್ಟು ತಿರುಗಿಸಿ ಜೆಟ್ಟಿನ ಮೇಲಂಚನ್ನು ಸೇತುವೆಯ (ಗಾಳಿ ದಾರಿಯಲ್ಲಿ ಜೆಟ್ ಸುತ್ತ ಇರುವ ಉಬ್ಬು) ಮಟ್ಟಕ್ಕೆ ತನ್ನಿ. ಉಗುರು ಆಡಿಸಿದರೆ ತಡೆಯಬಾರದು. ಅಲ್ಲಿಂದ ಎರಡು ಪೂರ್ತಿ ಸುತ್ತು, ಅಂದರೆ 12 ಫ್ಲಾಟ್, ಕೆಳಕ್ಕೆ. ಎಲ್ಲ ಜೋಡಿಸಿ, ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಅಂತ ಲೋಹದ ಸದ್ದು ಬರಬೇಕು. ಮೆತ್ತಗೆ ಕೂತರೆ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ, ಜೆಟ್ ಮಧ್ಯಕ್ಕೆ ತರಬೇಕು.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಪಕ್ಕದಲ್ಲಿರುವ ಪಿನ್ನಿನಿಂದ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ, 0.8 ಮಿಮೀ ಸಾಕು. ಎಂಜಿನ್ ವೇಗ ಏರಿ ಏರಿಯೇ ಉಳಿದರೆ ಮಿಶ್ರಣ ದಪ್ಪ, ನಟ್ಟು ಒಂದು ಫ್ಲಾಟ್ ಮೇಲಕ್ಕೆ. ತಕ್ಷಣ ಬಿದ್ದುಹೋದರೆ ತೆಳು, ಒಂದು ಫ್ಲಾಟ್ ಕೆಳಕ್ಕೆ. ಸ್ವಲ್ಪವೇ ಏರಿ ಮತ್ತೆ ಮೊದಲಿನ ಹಾಗೆ ಕೂತರೆ ಸರಿ. ಒಂದು ಸಲಕ್ಕೆ ಒಂದೇ ಫ್ಲಾಟ್, ಎಂಟಲ್ಲ.

ಆಮೇಲೆ ಹೊಸ ಚೋಕ್ ಕೇಬಲ್. ನಾಬ್ ಪೂರ್ತಿ ಒಳಗಿದ್ದಾಗ ಲಿವರ್ ಹತ್ತಿರ 1.5 ಮಿಮೀ ಪ್ಲೇ ಬಿಡಿ.

ಮೈನರ್67
ಆ ಮುಗ್ಗರಿಸೋದು? ಅದೂ ಚೋಕ್‌ನಿಂದಲೇನಾ?

ಗ್ರೀಸ್ ಕೈ
ಗುಮ್ಮಟದ ಮೇಲಿನ ಮುಚ್ಚಳ ಬಿಚ್ಚಿ, ಒಳಗೆ ಎಣ್ಣೆ ಇದೆಯಾ ನೋಡಿ. ಆ ಎಣ್ಣೆ ಪಿಸ್ಟನ್ ದಿಢೀರ್ ಮೇಲೆ ಹಾರದ ಹಾಗೆ ಹಿಡಿಯುತ್ತದೆ. ಅದಿಲ್ಲದಿದ್ದರೆ ನೀವು ಒತ್ತಿದ ತಕ್ಷಣ ಬರೀ ಗಾಳಿ ಒಳಗೆ ಹೋಗುತ್ತದೆ.

ಮೈನರ್67
ಒಂದು ಹನಿಯೂ ಇರಲಿಲ್ಲ. ತಲೆಕೆಳಗು ಮಾಡಿ ಒರೆಸಿಟ್ಟಿದ್ದು ತಮ್ಮನೇ ಅಂತೆ, 'ಕೊಳೆ ಎಣ್ಣೆ ಇತ್ತು, ಕ್ಲೀನ್ ಮಾಡಿದೆ' ಅಂದ. 20 ನಂಬರ್ ಎಣ್ಣೆ ಹಾಕಿದೆ. ಮುಚ್ಚಳದ ಕಡ್ಡಿ ಒಳಗೆ ಬಿಡುವಾಗ ಈಗ ಸಿರಿಂಜ್ ಒತ್ತಿದ ಹಾಗೆ ತಡೆಯುತ್ತಿದೆ.

ಜೀರುಂಡೆ ಸವಾರ
ಆ ತಮ್ಮನಿಗೆ ಬೇರೆ ಏನೇನು ಕ್ಲೀನ್ ಮಾಡಿದ್ದಾನೆ ಅಂತ ಕೂರಿಸಿ ಕೇಳಿ.

ಮೈನರ್67
ಒಂದು ವಾರದ ನಂತರ ಬರೆಯುತ್ತಿದ್ದೇನೆ. ಅರ್ಥ್ ಪಟ್ಟಿ, ಎರಡು ಕೇಬಲ್, 12 ಫ್ಲಾಟ್, ಎಲ್ಲ ಆಯಿತು. ಪಿನ್ ಎತ್ತಿ ನೋಡಿ ಕೊನೆಗೆ 11ಕ್ಕೆ ನಿಲ್ಲಿಸಿದೆ. ಸೆಲ್ಫ್ ಹೊಡೆದರೆ 0.1 ವೋಲ್ಟ್. ಹಳೇ ಬ್ಯಾಟರಿಯೇ, ಗರ್ ಅಂತ ತಿರುಗುತ್ತದೆ. ಹೊಗೆ ಇಲ್ಲ. ಪ್ಲಗ್ ಬಿಚ್ಚಿದೆ, ಮಸಿ ಹೋಗಿ ಕಂದು ಬಣ್ಣ ಬರುತ್ತಿದೆ.

ಒಂದೇ ತೊಂದರೆ. ಸ್ಪೀಡೋಮೀಟರ್ ಮುಳ್ಳು 40 ದಾಟಿದ ಮೇಲೆ ಕುಣಿಯುತ್ತದೆ.

ಹಳೇ ವೈರ್‌ಮನ್
ಮೂರನೇ ಕೇಬಲ್! ಅದನ್ನೂ ಎಳೆದು ನೋಡಿ. ಒಳ ತಂತಿಯನ್ನು ಮೇಜಿನ ಮೇಲೆ ಉರುಳಿಸಿ, ಕುಂಟಿದರೆ ಬಾಗಿದೆ ಅಂತ ಅರ್ಥ. ಸರಿ ಇದ್ದರೆ ಕೆಳಗಿನ ಮುಕ್ಕಾಲು ಭಾಗಕ್ಕೆ ಮಾತ್ರ ತೆಳುವಾಗಿ ಗ್ರೀಸ್ ಹಚ್ಚಿ. ಮೀಟರ್ ಕಡೆಯ ಗೇಣುದ್ದ ಒಣಗಿರಲಿ. ಇಲ್ಲದಿದ್ದರೆ ತಿರುಗುತ್ತಾ ತಿರುಗುತ್ತಾ ಗ್ರೀಸ್ ಮೇಲೇರಿ ಮೀಟರ್ ಒಳಗೆ ಹೋಗುತ್ತದೆ.

ಮೈನರ್67
ನಾಳೆಯೇ ನೋಡುತ್ತೇನೆ. ಅಂದ ಹಾಗೆ ತಮ್ಮ ಕೇಳುತ್ತಿದ್ದಾನೆ, ಆ ಡಬ್ಬದಲ್ಲಿ ಇನ್ನೂ ಎರಡು ಉದ್ದ ಬೋಲ್ಟ್ ಉಳಿದಿವೆ, ಯಾವುದರದ್ದು ಅಂತ ಯಾರಿಗಾದರೂ ಗೊತ್ತಾ?

ಪಾನಾ12
ಫೋಟೋ ಹಾಕಿ. ಅಲ್ಲಿವರೆಗೆ ಗಾಡಿ ತೆಗೆಯಬೇಡಿ.